ಸೋಲೋಕೂ ಬಿಡಲಿಲ್ಲ

ಮೃದುಲಾ ಕೈತಪ್ಪಿ ಆ ಬಾಲು ಗೋಲಿನೊಳಕ್ಕೆ ಹೋದಾಗ ನನಗೆ ಸಂತೋಷ ಆಯಿತು. ಇದನ್ನ ಮೊದಲೇ ಹೇಳಿಬಿಡ್ತೀನಿ. ಪೂರ್ತಿ ಕೇಳಿದ ಮೇಲೆ ಯಾರೂ ನನ್ನನ್ನ ಒಳ್ಳೆ ಹುಡುಗಿ ಅಂದುಕೊಳ್ಳಬಾರದು.

ದೇಶ ಸೋತಿತ್ತು. ಸುತ್ತ ಕೂತಿದ್ದವರು ತಲೆ ಮೇಲೆ ಕೈ ಹೊತ್ತಿದ್ದರು. ನನ್ನ ಹೊಟ್ಟೆಯೊಳಗೆ ಮಾತ್ರ ಏನೋ ತಣ್ಣಗಾಯಿತು.

ನನ್ನ ಹೆಸರು ಚಂದ್ರಕಲಾ. ಊರು ಮಾಲೂರಿನಿಂದ ನಾಲ್ಕು ಮೈಲಿ. ನಾವು ಮಾದಿಗರು. ಕಾಲೋನಿಯಲ್ಲಿ ಮನೆ, ಇಟ್ಟಿಗೆ ಗೂಡಿನಲ್ಲಿ ಕೆಲಸ. ಅಪ್ಪ ಮುನಿಯಲ್ಲಪ್ಪ ಮಣ್ಣು ತುಳಿದು ಅಚ್ಚು ಹಾಕ್ತಿದ್ದ. ಅಮ್ಮ ಆಂಜಿನಮ್ಮ ಹಸಿ ಇಟ್ಟಿಗೆ ಹೊತ್ತು ಗೂಡಿಗೆ ಒಟ್ಟುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿನಿಂದ ಲೋಡಿಂಗು.

ಲೋಡಿಂಗ್ ಅಂದರೆ ಹೀಗೆ. ಕೆಳಗೆ ನಿಂತವರು ಎರಡೆರಡು ಇಟ್ಟಿಗೆ ಜೋಡಿಸಿ ಮೇಲಕ್ಕೆ ಎಸೀತಾರೆ. ಲಾರಿ ಮೇಲೆ ನಿಂತವಳು ಎರಡನ್ನೂ ಒಟ್ಟಿಗೆ ಹಿಡಿದು, ಬಗ್ಗಿ ಸಾಲಿಗಿಟ್ಟು, ಏಳೋ ಹೊತ್ತಿಗೆ ಇನ್ನೆರಡು ಮುಖದ ಹತ್ತಿರ ಬಂದಿರ್ತವೆ. ತಪ್ಪಿದರೆ ಮೂಗು, ಇಲ್ಲಾ ಮೊಣಕಾಲು. ಅಂಗೈಗೆ ಟ್ಯೂಬಿನ ರಬ್ಬರ್ ತುಂಡು ಕಟ್ಟಿಕೊಳ್ತಿದ್ದೆವು. ಆದರೂ ಚರ್ಮ ಕಿತ್ತು ಬರ್ತಿತ್ತು. ಊಟಕ್ಕೆ ಕೂತರೆ ಸಾರಿನ ಖಾರ ಬೆರಳಿಗೆ ಹತ್ತಿ ಕಣ್ಣಲ್ಲಿ ನೀರು.

ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಚನ್ನರಾಯಪ್ಪ. ಒಂದು ದಿನ ಗೂಡಿನ ಮುಂದೆ ಸೈಕಲ್ ನಿಲ್ಲಿಸಿ ಅರ್ಧ ಗಂಟೆ ನನ್ನನ್ನೇ ನೋಡಿದರು. ನಾನು ಒಂದೂ ಬಿಡಲಿಲ್ಲ.

"ಇಟ್ಟಿಗೆ ಹಿಡಿಯೋಳಿಗೆ ಬಾಲು ಯಾವ ಲೆಕ್ಕ? ನಾಳೆ ಗ್ರೌಂಡಿಗೆ ಬಾರಮ್ಮ," ಅಂದರು.

ಹೋದೆ. ಫುಟ್‌ಬಾಲ್ ಗೋಲಲ್ಲಿ ನಿಲ್ಲಿಸಿದರು. ಬಾಲು ಮೆತ್ತಗಿತ್ತು. ಅಷ್ಟು ಮೆತ್ತಗಿನ ವಸ್ತುವನ್ನ ಯಾರೂ ನನ್ನ ಕಡೆ ಎಸೆದಿರಲಿಲ್ಲ. ನನಗೆ ಮೊದಲ ಬೂಟು ಕೊಡಿಸಿದ್ದು ಅದೇ ಮೇಷ್ಟ್ರು. ಇಡ್ಲಿ ತಿನ್ನಿಸಿದ್ದು, ಬಸ್ ಚಾರ್ಜು ಕೊಟ್ಟಿದ್ದು ಅವರೇ. ಅದನ್ನೂ ಹೇಳಬೇಕು. ಹೇಳದಿದ್ದರೆ ಅವರು ಮಾಡಿದ್ದರ ತೂಕ ನಿಮಗೆ ಗೊತ್ತಾಗಲ್ಲ.

ಪಿಯುಸಿಗೆ ಬರೋ ಹೊತ್ತಿಗೆ ಕೋಲಾರದ ಕ್ಲಬ್ಬಿಗೆ ಸೇರಿಸಿದರು. ಪ್ರತಿ ಭಾನುವಾರ ಪ್ರಾಕ್ಟೀಸು. ಅಲ್ಲಿ ಮೃದುಲಾ ಸಿಕ್ಕಳು.

ಅವಳದು ಮುಳಬಾಗಿಲು. ಅಪ್ಪ ಶ್ರೀಕೃಷ್ಣ. ಊರಿನ ಅಂಗಡಿಯವರಿಗೆಲ್ಲ ಲೆಕ್ಕಪತ್ರ ಬರೆಯೋರು, ಕ್ಲಬ್ಬಿಗೆ ಕಾರ್ಯದರ್ಶಿ, ನಮ್ಮ ಹೈಸ್ಕೂಲಿನ ಆಡಳಿತ ಮಂಡಳಿಯಲ್ಲೂ ಮೆಂಬರು. ಮಗಳನ್ನ ಮಾರುತಿ ಕಾರಿನಲ್ಲಿ ತಂದು ಬಿಡೋರು. ಅವಳೂ ಗೋಲ್‌ಕೀಪರ್.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಮೊದಲ ದಿನದಿಂದಲೇ. ಅವಳ ಬಿಳಿ ಗ್ಲೌಸಿನ ಮೇಲೆ. ಮೊಣಕಾಲಿಗೆ ಹಾಕಿಕೊಳ್ಳೋ ಪ್ಯಾಡಿನ ಮೇಲೆ. ಬ್ರೇಕಿನಲ್ಲಿ ಅವಳು ಬಿಡಿಸ್ತಿದ್ದ ಕಿತ್ತಳೆಯ ಮೇಲೆ. ಬಿದ್ದು ಎದ್ದಾಗ "ಪೆಟ್ಟಾಯ್ತಾ ಪುಟ್ಟಾ?" ಅಂತ ಕೂಗೋ ಅಪ್ಪನ ಮೇಲೆ. ನಮ್ಮಪ್ಪ ಒಂದು ದಿನವೂ ನನ್ನ ಆಟ ನೋಡಿದವನಲ್ಲ. ಭಾನುವಾರ ಗೂಡಿಗೆ ರಜೆ ಇಲ್ಲ.

ಅವಳು ಕೆಟ್ಟ ಕೀಪರ್ ಅಲ್ಲ. ಉದ್ದ ಇದ್ದಳು. ಮೇಲೆ ಬಂದ ಬಾಲು ಹೂ ಕಿತ್ತ ಹಾಗೆ ಕೀಳ್ತಿದ್ದಳು. ಆದರೆ ಎಡಕ್ಕೆ, ನೆಲಕ್ಕೆ ಹತ್ತಿ ಬರೋ ಬಾಲಿಗೆ ಬೀಳೋದು ತಡ. ಎಡಗಡೆ ಬೀಳೋಕೆ ಅವಳಿಗೆ ಭಯ. ಅದು ನನಗೆ ಗೊತ್ತಿತ್ತು. ನಾನು ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಇಟ್ಟುಕೊಂಡೆ.

ಎರಡು ಸಾವಿರದ ಮೂರನೇ ಇಸವಿ. ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರ ಇಂಡಿಯಾ ಟೀಮು ಮಲೇಷ್ಯಾಕ್ಕೆ ಹೋಗಬೇಕಿತ್ತು. ಬೆಂಗಳೂರಲ್ಲಿ ಟ್ರಯಲ್ಸು. ನಾನೂ ಮೃದುಲಾನೂ ಹೋದೆವು. ಒಬ್ಬೊಬ್ಬ ಕೀಪರಿಗೆ ಇಪ್ಪತ್ತು ಪೆನಾಲ್ಟಿ ಹೊಡೆಸಿದರು. ಅವಳು ಐದು ಹಿಡಿದಳು. ನಾನು ಒಂಬತ್ತು. ಆರಿಸೋಕೆ ಬಂದಿದ್ದ ಮೇಡಂ ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿದರು.

"ಏನಮ್ಮ ಇದು, ಕೈಯೋ ಮರದ ತೊಗಟೆಯೋ?"

"ಇಟ್ಟಿಗೆ, ಮೇಡಂ."

ಅವರು ನಕ್ಕು ನನ್ನ ಹೆಸರು ಬರೆದುಕೊಂಡರು. "ಕ್ಯಾಂಪಿಗೆ ಲೆಟರ್ ನಿಮ್ಮ ಕ್ಲಬ್ಬಿನ ಅಡ್ರೆಸ್ಸಿಗೆ ಬರುತ್ತೆ," ಅಂದರು.

ಮೂರು ವಾರ ಕಾದೆ. ಆ ಮೂರು ವಾರದಲ್ಲೇ ಒಂದು ಮಧ್ಯಾಹ್ನ ಚನ್ನರಾಯಪ್ಪ ಮೇಷ್ಟ್ರು ಗೂಡಿಗೆ ಬಂದರು. ನಾನು ಲಾರಿ ಮೇಲಿದ್ದೆ. ಅವರು ನೇರ ಅಪ್ಪನ ಹತ್ತಿರ ಹೋದರು. ಜೇಬಿನಿಂದ ಒಂದು ಕಾಗದ, ಒಂದು ಇಂಕಿನ ಡಬ್ಬಿ ತೆಗೆದರು. ಅಪ್ಪ ಕೆಸರಿನ ಕೈ ತೊಳೆದು ಪಂಚೆಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದ.

"ಏನ್ ಸಾರ್ ಅದು?" ಅಂತ ಮೇಲಿಂದಲೇ ಕೂಗಿದೆ.

"ಏನಿಲ್ಲಮ್ಮ. ನಿಂದೇ ಕೆಲಸ."

ಕೆಳಗಿನಿಂದ ಇಟ್ಟಿಗೆ ಬರ್ತಾನೇ ಇದ್ದವು. ಡ್ರೈವರು ಹಾರನ್ ಹೊಡೀತಿದ್ದ. ನಾನು ಇಳಿಯಲಿಲ್ಲ.

ಎಂಟು ದಿನ ಬಿಟ್ಟು ಮೇಷ್ಟ್ರು ಮತ್ತೆ ಬಂದರು. ಈ ಸಲ ಸೈಕಲ್ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಹೇಳಿದರು:

"ನಿನ್ನ ಹೆಸರು ಬರಲಿಲ್ಲ ಕಣಮ್ಮ. ಮೃದುಲಾಗೆ ಬಂತು. ಬೇಜಾರು ಮಾಡ್ಕೋಬೇಡ."

ನಂಬಿದೆ. ಐದು ಹಿಡಿದವಳಿಗೆ ಬಂದು ಒಂಬತ್ತು ಹಿಡಿದವಳಿಗೆ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ನಮಗೆ ಹೆಸರು ಬರದೇ ಇರೋದು ಅಭ್ಯಾಸ. ಪಡಿತರದ ಪಟ್ಟಿಯಲ್ಲಿ ಬರಲ್ಲ, ಮನೆ ಕೊಡೋ ಪಟ್ಟಿಯಲ್ಲಿ ಬರಲ್ಲ. ಇದೂ ಹಾಗೇ ಅಂದುಕೊಂಡೆ. ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡೆ. ಆ ಒಂದು ತಿಂಗಳು ಲಾರಿ ಮೇಲೆ ನಿಂತು ಪ್ರತಿ ಇಟ್ಟಿಗೆಯನ್ನೂ ಮೃದುಲಾ ಮುಖ ಅಂತ ಹಿಡಿದು ಕುಕ್ಕಿದೆ. ಎಷ್ಟೋ ಮುರಿದವು. ಮೇಸ್ತ್ರಿ ಬೈದ.

ಇಂಡಿಯಾ ಹುಡುಗಿಯರು ಕ್ವಾರ್ಟರ್ ಫೈನಲಿಗೆ ಬಂದರು. ಥಾಯ್ಲೆಂಡ್ ಮೇಲೆ ಆಟ. ಸೋತರೆ ಮನೆಗೆ. ಕೇಬಲ್ ಟಿವಿಯಲ್ಲಿ ತೋರಿಸ್ತಾರೆ, ಹುಡುಗಿಯರೆಲ್ಲ ಮುಳಬಾಗಿಲಿಗೆ ಸೆಕ್ರೆಟರಿಯವರ ಮನೆಗೆ ಬನ್ನಿ ಅಂತ ಕ್ಲಬ್ಬಿನ ಬೋರ್ಡಿನಲ್ಲಿ ಬರೆದಿದ್ದರು. ಹೋಗಬಾರದು ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಎದ್ದು ಎರಡು ಬಸ್ಸು ಬದಲಾಯಿಸಿ ಹೋದೆ. ಹೊಟ್ಟೆಕಿಚ್ಚು ಇರೋರು ಸುಮ್ಮನೆ ಮನೆಯಲ್ಲಿ ಕೂರೋಕಾಗಲ್ಲ. ಕಣ್ಣಾರೆ ನೋಡಬೇಕು.

ಹಜಾರದಲ್ಲಿ ದೊಡ್ಡ ಟಿವಿ. ನೆಂಟರು, ಬೀದಿಯವರು, ಕ್ಲಬ್ಬಿನ ಹುಡುಗಿಯರು ಸೇರಿ ಮೂವತ್ತು ಜನ. ನನಗೆ ಬಾಗಿಲ ಹೊಸ್ತಿಲ ಹತ್ತಿರ ಜಾಗ ಸಿಕ್ಕಿತು. ಮೃದುಲಾ ಅಜ್ಜಿ ತುಳಸಮ್ಮ ಕಾಫಿ ತಂದರು. ಎಲ್ಲರಿಗೂ ಸ್ಟೀಲ್ ಲೋಟ. ನನಗೊಬ್ಬಳಿಗೆ ಪ್ಲಾಸ್ಟಿಕ್ ಕಪ್ಪು. ಕುಡಿದು ಎಸೆಯೋದು.

"ಲೋಟ ಸಾಲದೇ ಹೋಯ್ತು ಕಣಮ್ಮ," ಅಂದರು. ಒಳಗೆ ಅಡಿಗೆಮನೆ ಬಾಗಿಲಲ್ಲಿ ಲೋಟದ ಸಾಲು ಕಾಣ್ತಿತ್ತು. ನಾನು ಕುಡಿದೆ. ಬಾಯಾರಿತ್ತು.

ಟಿವಿಯಲ್ಲಿ ಮೃದುಲಾ ಬಂದಳು. ನೀಲಿ ಹುಡುಗಿಯರ ನಡುವೆ ಇವಳೊಬ್ಬಳಿಗೆ ಹಳದಿ ಜರ್ಸಿ. ರಾಷ್ಟ್ರಗೀತೆ ಹಾಡುವಾಗ ಕ್ಯಾಮೆರಾ ಅವಳ ಮುಖದ ಮೇಲೆ ನಿಂತಿತು. ಮನೆಯವರೆಲ್ಲ ಎದ್ದು ನಿಂತರು. ನಾನೂ ನಿಂತೆ. ಆ ಹಳದಿ ಬಟ್ಟೆ ನನ್ನ ಮೈಮೇಲೆ ಹೇಗಿರ್ತಿತ್ತು ಅಂತ ಯೋಚಿಸ್ತಾ ನಿಂತೆ. ನಾನು ಕಪ್ಪು. ಹಳದಿ ನನಗೇ ಚೆನ್ನಾಗಿರ್ತಿತ್ತು.

ಆಟ ಒಂದಕ್ಕೆ ಒಂದು. ಎಕ್ಸ್‌ಟ್ರಾ ಟೈಮಿನಲ್ಲೂ ಯಾರೂ ಹೊಡೆಯಲಿಲ್ಲ. ಮೃದುಲಾ ಚೆನ್ನಾಗಿ ಆಡಿದಳು. ಮೇಲೆ ಬಂದದ್ದೆಲ್ಲ ಹಿಡಿದಳು. ಅವಳು ಹಿಡಿದಾಗಲೆಲ್ಲ ಮನೆ ಕೂಗ್ತಿತ್ತು, ನಾನು ಹಲ್ಲು ಕಚ್ಚಿಕೊಳ್ತಿದ್ದೆ.

ಇನ್ನೊಂದು ಸುತ್ತು ಕಾಫಿ ಬಂತು, ನನಗೆ ಮತ್ತೆ ಪ್ಲಾಸ್ಟಿಕ್ ಕಪ್ಪು. ಪೆನಾಲ್ಟಿ ಶುರುವಾಯಿತು. ನನ್ನ ಮೈ ನನ್ನ ಮಾತು ಕೇಳಲಿಲ್ಲ. ಕೂತಲ್ಲೇ ಬಲಕ್ಕೆ, ಎಡಕ್ಕೆ ವಾಲ್ತಿತ್ತು. ಐದೈದು ಮುಗಿದಾಗ ನಾಲ್ಕು ನಾಲ್ಕು. ಆರನೇದು ನಮ್ಮ ಹುಡುಗಿ ಹೊಡೆದಳು. ಕಂಬಕ್ಕೆ ಬಡಿದು ಆಚೆ ಹೋಯಿತು. ಈಗ ಥಾಯ್ಲೆಂಡಿನ ಹುಡುಗಿ. ಗಿಡ್ಡಕ್ಕಿದ್ದಳು. ಓಡಿ ಬರುವಾಗ ಅವಳ ಸೊಂಟ ತಿರುಗಿದ್ದು ನೋಡಿದೆ. ಎಡಕ್ಕೆ, ನೆಲಕ್ಕೆ ಅಂತ ಗೊತ್ತಾಯಿತು. ಅವಳು ಕಾಲು ತಾಗಿಸೋ ಮೊದಲೇ ನಾನು ಎಡಕ್ಕೆ ಬಿದ್ದೆ. ನಿಜವಾಗಿ ಬಿದ್ದೆ. ಆ ಹಜಾರದಲ್ಲಿ, ಕೈ ಚಾಚಿ, ಮೈ ಮೇಲೆಲ್ಲ ಕಾಫಿ ಚೆಲ್ಲಿಕೊಂಡು.

ಮೃದುಲಾ ತಡವಾಗಿ ಬಿದ್ದಳು. ಬಾಲು ಅವಳ ಬೆರಳಿಗೆ ತಾಗಿ ಒಳಕ್ಕೆ ಹೋಯಿತು. ಒಂದೇ ಒಂದು ಪೆನಾಲ್ಟಿಯಲ್ಲಿ ಇಂಡಿಯಾ ಸೋತಿತು. ಅವಳು ನೆಲದ ಮೇಲೆ ಮುಖ ಮುಚ್ಚಿಕೊಂಡು ಮಲಗಿಬಿಟ್ಟಳು. ಶ್ರೀಕೃಷ್ಣರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನಾಗಿದ್ದರೆ ಅಂತ ಒಂದು ಸಲ ಅನ್ನಿಸಿತು. ಆಮೇಲೆ ಸಂತೋಷ ಆಯಿತು. ಮೊದಲೇ ಹೇಳಿದೆನಲ್ಲ.

ತುಳಸಮ್ಮ ನನ್ನ ಮುಂದೆ ಒಂದು ಬಟ್ಟೆ ಹಾಕಿದರು. "ಒರೆಸಿಬಿಡಮ್ಮ. ಇರುವೆ ಬರ್ತವೆ."

ಒರೆಸಿದೆ.

ಹತ್ತು ದಿನ ಬಿಟ್ಟು ಮುಳಬಾಗಿಲಿನಲ್ಲಿ ಸನ್ಮಾನ. ಸೋತು ಬಂದರೂ ದೇಶಕ್ಕೆ ಆಡಿದ ಹುಡುಗಿ, ನಮ್ಮ ತಾಲ್ಲೂಕಿನ ಹೆಮ್ಮೆ ಅಂತ ಬ್ಯಾನರು. ಕ್ಲಬ್ಬಿನವರೆಲ್ಲ ಬೇಗ ಬರಬೇಕು ಅಂದಿದ್ದರು. ಬೆಳಿಗ್ಗೆ ಒಂಬತ್ತಕ್ಕೇ ಹೋದೆ. ಟೆಂಪೋ ತುಂಬ ಕುರ್ಚಿ ಬಂದಿದ್ದವು. ಇಳಿಸೋಕೆ ಆಳು ಬಂದಿರಲಿಲ್ಲ. ಶ್ರೀಕೃಷ್ಣರು ಹುಡುಗಿಯರನ್ನೆಲ್ಲ ಒಂದು ಸುತ್ತು ನೋಡಿ ನನ್ನ ಹತ್ತಿರ ಬಂದರು.

"ಚಂದ್ರಕಲಾ, ನೀನು ಇಳಿಸಮ್ಮ. ನಿಂಗೆ ಅಭ್ಯಾಸ ಇದೆಯಲ್ಲ."

ಇನ್ನೂರು ಕುರ್ಚಿ. ಮಿಕ್ಕ ಹುಡುಗಿಯರು ಹೂ ಕಟ್ಟುತ್ತಾ ಕೂತಿದ್ದರು. ಕುರ್ಚಿ ಆದ ಮೇಲೆ ಜಮಖಾನ. ಜಮಖಾನ ಆದ ಮೇಲೆ ನೀರಿನ ಡ್ರಮ್ಮು. ಬೆವರಲ್ಲಿ ನನ್ನ ಒಂದೇ ಒಂದು ಒಳ್ಳೆ ಚೂಡಿದಾರ್ ಬೆನ್ನಿಗೆ ಅಂಟಿತ್ತು. ಆಮೇಲೆ ಶ್ರೀಕೃಷ್ಣರು ಮತ್ತೆ ಬಂದರು.

"ಮೃದುಲಾಗೆ ಹಾರ ನೀನೇ ಹಾಕಬೇಕು. ಅವಳ ಜೊತೆ ಪೈಪೋಟಿ ಮಾಡಿದೋಳು ನೀನು. ನಿನ್ನ ಕೈಯಲ್ಲಿ ಹಾಕಿಸಿದರೆ ಕ್ರೀಡಾ ಮನೋಭಾವ ಅಂತ ಜನಕ್ಕೂ ಗೊತ್ತಾಗುತ್ತೆ. ಎರಡು ಮಾತು ಒಳ್ಳೇದು ಹೇಳು. ಕೈ ತೊಳ್ಕೊಂಡು ಬಾ."

ಕೈ ತೊಳೆಯೋಕೆ ವೇದಿಕೆ ಹಿಂದಿನ ನಲ್ಲಿಗೆ ಹೋದೆ. ಅಲ್ಲಿ ಮೃದುಲಾ ನಿಂತಿದ್ದಳು, ರೇಷ್ಮೆ ಲಂಗದಲ್ಲಿ. ನನ್ನನ್ನ ನೋಡಿದ್ದೇ ಓಡಿಬಂದು ಕೈ ಹಿಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಬಂದ್ಯೇನೇ? ನಿನ್ನ ಗಂಡನ ಮನೆಯೋರು ಕಳಿಸ್ತಾರೋ ಇಲ್ಲವೋ ಅಂದ್ಕೊಂಡೆ."

"ಯಾರ ಗಂಡ?"

"ನಿನ್ನ ಗಂಡ ಕಣೇ! ಮದುವೆ ಆಯ್ತಲ್ಲ. ಕೊರಳಲ್ಲಿ ತಾಳಿ ಇಲ್ವಲ್ಲೇ?"

ನಾನು ಬರೀ ಕೊರಳು ಮುಟ್ಟಿಕೊಂಡೆ. ಅವಳ ನಗು ನಿಂತಿತು.

"ಕ್ಯಾಂಪಿಗೆ ಮೊದಲು ನಿನ್ನ ಹೆಸರೇ ಬಂದಿದ್ದು. ನಾನು ಸ್ಟ್ಯಾಂಡ್‌ಬೈ. ನಿಂಗೆ ಮದುವೆ ಗೊತ್ತಾಗಿದೆ, ಕಳಿಸೋಕಾಗಲ್ಲ ಅಂತ ನಿಮ್ಮಪ್ಪ ಹೆಬ್ಬೆಟ್ಟು ಒತ್ತಿ ಬರೆದುಕೊಟ್ರಂತಲ್ಲ. ಕ್ಯಾಂಪಲ್ಲಿ ಮೇಡಂ ಆ ಕಾಗದ ತೋರಿಸಿದ್ರು. ಪಾಪ, ಒಳ್ಳೆ ಹುಡುಗಿ, ಇಷ್ಟು ಬೇಗ ಮದುವೆ ಮಾಡಿಬಿಟ್ರು ಅಂತ ಬೇಜಾರು ಮಾಡ್ಕೊಂಡ್ರು."

ನಲ್ಲಿಯಿಂದ ನೀರು ಸುರೀತಾನೇ ಇತ್ತು. ನಾನೇ ನಿಲ್ಲಿಸಿದೆ.

ಚನ್ನರಾಯಪ್ಪ ಮೇಷ್ಟ್ರು ಶಾಮಿಯಾನದ ಕಂಬದ ಹತ್ತಿರ ನಿಂತಿದ್ದರು. ಹೋಗಿ ಎದುರಿಗೆ ನಿಂತೆ.

"ಸಾರ್, ನನ್ನ ಮದುವೆ ಯಾವಾಗ?"

ಅವರಿಗೆ ಅರ್ಥವಾಗಲಿಲ್ಲ ಅಂತ ನಟಿಸೋಕೂ ಆಗಲಿಲ್ಲ. ಮುಖ ಬಿಳಿಚಿತು.

"ಮೆಲ್ಲಗೆ ಮಾತಾಡಮ್ಮ."

"ಗಂಡು ಯಾವೂರೋನು ಸಾರ್? ಏನ್ ಕೆಲಸ ಮಾಡ್ತಾನೆ?"

"ಹನ್ನೊಂದು ವರ್ಷದಿಂದ ಟೆಂಪರರಿ ಕಣಮ್ಮ ನಾನು. ಶ್ರೀಕೃಷ್ಣರು ಸ್ಕೂಲಿನ ಮಂಡಳಿಯಲ್ಲಿ ಒಂದು ಮಾತು ಹೇಳಿದರೆ ಪರ್ಮನೆಂಟು. ಕಾಗದ ಅವರೇ ಬರೆದು ಕೊಟ್ರು. ನಾನು ಬರೀ..." ಕಂಬ ಹಿಡಿದುಕೊಂಡರು. "ನಿಂಗಿನ್ನೂ ವಯಸ್ಸಿದೆ. ಇನ್ನೊಂದು ಚಾನ್ಸು ಬರುತ್ತೆ ಅಂದ್ಕೊಂಡೆ."

"ಹತ್ತೊಂಬತ್ತು ಒಂದೇ ಸಲ ಬರೋದು ಸಾರ್."

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು.

ವೇದಿಕೆ ಹತ್ತಿದೆ. ಯಾರೋ ಕೈಗೆ ಹಾರ ಕೊಟ್ಟರು. ಏಲಕ್ಕಿ ಹಾರ. ಮೃದುಲಾ ಎದ್ದು ನಿಂತು ತಲೆ ಬಗ್ಗಿಸಿದಳು. ಫೋಟೋದವನು ಮುಂದೆ ಬಂದ. ನಾನು ಹಾರವನ್ನ ಮೇಜಿನ ಮೇಲಿಟ್ಟೆ. ಮೈಕು ಹಿಡಿದೆ. ನನಗೆ ಭಾಷಣ ಬರಲ್ಲ.

"ನಾನು ಹಾರ ಹಾಕಲ್ಲ," ಅಂದೆ. "ಮಲೇಷ್ಯಾಕ್ಕೆ ಹೋಗೋಕೆ ಆರಿಸಿದ್ದು ನನ್ನನ್ನ. ನನಗೆ ಮದುವೆ ಅಂತ ಸುಳ್ಳು ಕಾಗದ ಬರೆದು, ಓದು ಬರದ ನಮ್ಮಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದ್ರು. ಬರೆದೋರು ಇಲ್ಲೇ ಕೂತಿದ್ದಾರೆ. ಒತ್ತಿಸಿಕೊಂಡೋರು ಅಲ್ಲಿ ಕಂಬದ ಹತ್ತಿರ ನಿಂತಿದ್ದಾರೆ. ನನಗೆ ಮದುವೆ ಆಗಿಲ್ಲ."

ಶಾಮಿಯಾನದ ಕೆಳಗೆ ಗುಜುಗುಜು ಎದ್ದಿತು. ಶ್ರೀಕೃಷ್ಣರು ಎದ್ದರು. ಸಿಟ್ಟು ಮಾಡಲಿಲ್ಲ. ನಕ್ಕರು. ಆ ನಗು ನನಗೆ ಇವತ್ತಿಗೂ ಮರೆತಿಲ್ಲ.

"ಪಾಪ, ಹುಡುಗಿಗೆ ಹೊಟ್ಟೆಕಿಚ್ಚು. ಸಹಜ. ಇಂಥಾ ಮನೆಗಳಿಂದ ಬಂದೋರಿಗೆ ನಾವು ಆಟ ಕಲಿಸಬಹುದು, ಸಂಸ್ಕಾರ ಎಲ್ಲಿಂದ ಕಲಿಸೋಣ? ಇಳಿಸ್ರಪ್ಪ ಯಾರಾದರೂ."

"ಹೌದು ಸಾರ್, ಹೊಟ್ಟೆಕಿಚ್ಚೇ," ಅಂದೆ. "ನಿಮ್ಮ ಮಗಳ ಗ್ಲೌಸ್ ನೋಡಿ ಹೊಟ್ಟೆಕಿಚ್ಚು. ಜರ್ಸಿ ನೋಡಿ ಹೊಟ್ಟೆಕಿಚ್ಚು. ಕಳ್ಳತನ ನಿಮ್ಮದು, ಹೊಟ್ಟೆಕಿಚ್ಚು ಮಾತ್ರ ನನ್ನ ತಪ್ಪಾ? ನನ್ನ ಜಾಗ ಅದು. ನಾನು ಉರೀದೆ ಇನ್ಯಾರು ಉರೀಬೇಕು?"

ಯಾರೋ ಮೈಕ್ ಆಫ್ ಮಾಡಿದರು. ಅವರಿಗೆ ನನ್ನ ಗಂಟಲು ಗೊತ್ತಿರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಲಾರಿ ಸದ್ದಿನ ಮೇಲೆ ಕೂಗಿ ಬೆಳೆದ ಗಂಟಲು.

"ಆ ಕೊನೇ ಬಾಲು ನಾನಾಗಿದ್ರೆ ಹಿಡೀತಿದ್ದೆ ಅಂತ ಹೇಳಲ್ಲ. ನನ್ನ ಕೈಯೂ ತಪ್ಪಬಹುದಿತ್ತು. ತಪ್ಪಿದ್ರೆ ಆ ಸೋಲು ನಂದು. ನೆಲಕ್ಕೆ ಬಿದ್ದು ಅಳೋದೂ ನಂದು. ಆಡೋಕೆ ಬಿಡಲಿಲ್ಲ, ಹೋಗಲಿ. ಸೋಲೋಕೂ ಬಿಡಲಿಲ್ಲ ನೀವು!"

ಇಬ್ಬರು ಬಂದು ತೋಳು ಹಿಡಿದರು. "ಮುಟ್ಟಬೇಡಿ, ನಾನೇ ಇಳೀತೀನಿ," ಅಂದೆ. ಇಳಿದೆ. ಇನ್ನೂರು ಕುರ್ಚಿಯ ನಡುವೆ ನಡೆದು ಆಚೆ ಬಂದೆ. ಯಾರೂ ಎದ್ದು ನನ್ನ ಜೊತೆ ಬರಲಿಲ್ಲ. ಹಿಂದೆ ಮೈಕು ಮತ್ತೆ ಶುರುವಾಯಿತು. ಯಾರೋ ಹಾರ ಹಾಕಿರಬೇಕು, ಚಪ್ಪಾಳೆ ಕೇಳಿಸಿತು.

ಮನೆಗೆ ಬಂದಾಗ ಅಮ್ಮ ಒಲೆ ಮುಂದೆ ಇದ್ದಳು. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ.

"ಏಮೈಂದೇ? ಮುಖ ಯಾಕೆ ಹಂಗೈತೆ?"

ಹೇಳಿದೆ. ಅಮ್ಮ ಮೇಷ್ಟ್ರ ವಂಶವನ್ನೆಲ್ಲ ಬೈದಳು. ಪೊರಕೆ ತಗೊಂಡು ಹೊರಟೇಬಿಟ್ಟಿದ್ದಳು, ಪಕ್ಕದ ಮನೆ ಭಾರತಮ್ಮ ಹಿಡಿದು ಕೂರಿಸಿದಳು. ಅಪ್ಪ ಗೋಡೆಗೆ ಒರಗಿ ತನ್ನ ಬಲಗೈಯನ್ನ ಎಡಗೈಯಲ್ಲಿ ಹಿಡಿದು ಕೂತ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ನನ್ನ ಹತ್ತಿರ ಬಂದ.

"ಅಮ್ಮಾಯಿ, ಸ್ಕೂಲಿನ ಮೇಷ್ಟ್ರು ಅಲ್ವಾ ಅಂತ ಒತ್ತಿದೆ. ನಂಗೆ ಅಕ್ಷರ ಬರ್ತಿದ್ರೆ..."

"ನಂಗೆ ಬರ್ತಿತ್ತಲ್ಲಪ್ಪ. ನಾನೂ ಇಳಿದು ನೋಡಲಿಲ್ಲ."

ಅವನು ಅತ್ತ. ನಮ್ಮಪ್ಪ ಅತ್ತಿದ್ದನ್ನ ನಾನು ನೋಡಿದ್ದು ಅದೊಂದೇ ಸಲ.

ರಾಜ್ಯದ ಫುಟ್‌ಬಾಲ್ ಆಫೀಸಿಗೆ ಮೂರು ಅರ್ಜಿ ಬರೆದೆ. ರಿಜಿಸ್ಟರ್ ಪೋಸ್ಟು. ಉತ್ತರ ಬರಲಿಲ್ಲ. ಶ್ರೀಕೃಷ್ಣರು ಕಾರ್ಯದರ್ಶಿಯಾಗೇ ಉಳಿದರು. ಚನ್ನರಾಯಪ್ಪ ಮೇಷ್ಟ್ರು ಪರ್ಮನೆಂಟ್ ಆದರು. ಅಶಿಸ್ತು ಅಂತ ನನ್ನನ್ನ ಕ್ಲಬ್ಬಿನಿಂದ ತೆಗೆದರು. ತೆಗೆದ ಕಾಗದ ಮಾತ್ರ ತಪ್ಪದೆ ನಮ್ಮ ಮನೆ ಅಡ್ರೆಸ್ಸಿಗೇ ಬಂತು.

ತಿಂಗಳಾದ ಮೇಲೆ ಒಂದು ದಿನ ಮೃದುಲಾ ಗೂಡಿಗೆ ಬಂದಳು. ಬಸ್ಸಿನಲ್ಲಿ, ಒಬ್ಬಳೇ. ಕೆಂಪು ಧೂಳಿನಲ್ಲಿ ಅವಳ ಚಪ್ಪಲಿ ಹೂತುಹೋಗ್ತಿತ್ತು. ನಾನು ಲೋಡ್ ಮುಗಿಸಿ ಇಳಿದು ಬಂದೆ.

"ನಂಗೆ ಗೊತ್ತಿರಲಿಲ್ಲ ಕಣೇ, ಆಣೆ ಮಾಡಿ ಹೇಳ್ತೀನಿ," ಅಂದಳು.

"ಗೊತ್ತಾದ ಮೇಲೆ ಏನ್ ಮಾಡಿದೆ? ವೇದಿಕೆ ಮೇಲೆ ಹಾರ ಹಾಕಿಸ್ಕೊಂಡ್ಯಲ್ಲ."

ತಲೆ ತಗ್ಗಿಸಿದಳು. ಚೀಲದಿಂದ ಒಂದು ಜೊತೆ ಗ್ಲೌಸು ತೆಗೆದಳು. ಹೊಸದು, ಮಲೇಷ್ಯಾದ್ದು. ಅಂಗೈಯಲ್ಲಿ ಕಪ್ಪು ರಬ್ಬರಿನ ಸಣ್ಣ ಸಣ್ಣ ಬೊಟ್ಟು. ಅಂಥದ್ದನ್ನ ನಾನು ನೋಡೇ ಇರಲಿಲ್ಲ. ನನ್ನ ಕೈ ತಾನಾಗೇ ಮುಂದೆ ಹೋಗೋದರಲ್ಲಿತ್ತು. ಬೆನ್ನ ಹಿಂದೆ ಕಟ್ಟಿಕೊಂಡೆ.

"ಬೇಡ."

"ಬೇರೆ ಏನ್ ಮಾಡ್ಲಿ ಹೇಳೇ? ರಾತ್ರಿ ನಿದ್ದೆ ಬರಲ್ಲ. ಕಣ್ಣು ಮುಚ್ಚಿದ್ರೆ ಆ ಬಾಲು."

"ನಂಗೂ ಬರಲ್ಲ. ನೀನು ಬಿಟ್ಟ ಬಾಲು ನೆನೆಸ್ಕೊಂಡು ನಿಂಗೆ ಬರಲ್ಲ. ಬರದೇ ಇರೋ ಬಾಲು ನೆನೆಸ್ಕೊಂಡು ನಂಗೆ ಬರಲ್ಲ. ನಿಮ್ಮಪ್ಪ ಮಾಡಿದ್ದು ಬರೆದುಕೊಡ್ತೀಯಾ? ಸೈನ್ ಹಾಕಿ?"

ಅವಳು ಗ್ಲೌಸಿನ ಬೊಟ್ಟು ಕೆರೆದಳು. "ಅಪ್ಪ ಕಣೇ," ಅಂದಳು.

"ನಂಗೂ ಒಬ್ಬ ಅಪ್ಪ ಇದ್ದಾನೆ."

ಅವಳು ಕಣ್ಣೊರೆಸಿಕೊಂಡು ಇನ್ನೊಂದು ಮಾತು ಹೇಳಿದಳು. "ಮುಂದಿನ ವರ್ಷ ರಾಜ್ಯದ ದೊಡ್ಡೋರ ಟೀಮಿಗೆ ಟ್ರಯಲ್ಸ್ ಇದೆ, ಕೋಲಾರದಲ್ಲೇ. ಯಾರು ಬೇಕಾದರೂ ಹೋಗಬಹುದಂತೆ, ಕ್ಲಬ್ ಬೇಡ. ನಾನು ಹೋಗಲ್ಲ. ನೀನು ಹೋಗು. ನಿಂಗೆ ಬಿಟ್ಟುಕೊಡ್ತೀನಿ."

ಆಗ ಬಂತು ನನಗೆ ಸಿಟ್ಟು. ವೇದಿಕೆ ಮೇಲೂ ಅಷ್ಟು ಬಂದಿರಲಿಲ್ಲ.

"ಬಿಟ್ಟುಕೊಡೋಕೆ ಅದೇನು ನಿಮ್ಮನೆ ಹಿತ್ತಲಾ? ನೀನು ದಾನ ಕೊಟ್ಟ ಜಾಗದಲ್ಲಿ ನಾನು ನಿಲ್ಲಲ್ಲ. ನೀನೂ ಬಾ. ಇಬ್ಬರಿಗೂ ಹೊಡೆಯಲಿ. ಎಷ್ಟು ಹಿಡೀತೀಯ ನೋಡ್ತೀನಿ."

ಗ್ಲೌಸು ಚೀಲಕ್ಕೆ ಹಾಕಿಕೊಂಡು ಹೋದಳು.

ಒಂದು ವರ್ಷ ಸುಮ್ಮನಿರಲಿಲ್ಲ ನಾನು. ಕಾಲೋನಿ ಹಿಂದಿನ ಬಯಲಲ್ಲಿ ಎರಡು ಕೋಲು ನೆಟ್ಟು ಬೆಳಿಗ್ಗೆ ಬೆಳಿಗ್ಗೆ ನಿಂತೆ. ಗೂಡಿನ ಹೆಂಗಸರು ಕೆಲಸಕ್ಕೆ ಹೋಗೋ ಮೊದಲು ಬಂದು ಒದೀತಿದ್ದರು. ಭಾರತಮ್ಮ ಸೀರೆ ಎತ್ತಿ ಕಟ್ಟಿ ಒದ್ದರೆ ಬಾಲು ಎಲ್ಲಿಗೆ ಹೋಗುತ್ತೆ ಅಂತ ಅವಳಿಗೇ ಗೊತ್ತಿರ್ತಿರಲಿಲ್ಲ. ಅಂಥಾ ಬಾಲು ಹಿಡಿಯೋದೇ ಕಷ್ಟ.

ಟ್ರಯಲ್ಸ್ ದಿನ ಅಪ್ಪನೂ ಬಂದ. ಕೋಲಾರದ ಗ್ರೌಂಡಿನ ಬೇಲಿ ಹತ್ತಿರ ನಿಂತ. ಮೇಜಿನ ಹಿಂದೆ ರಾಜ್ಯದಿಂದ ಬಂದ ಇಬ್ಬರು ಫೈಲು ಇಟ್ಟುಕೊಂಡು ಕೂತಿದ್ದರು. ಹೆಸರು ಹೇಳಿದೆ. ಕನ್ನಡಕ ಹಾಕಿಕೊಂಡಿದ್ದವರು ಹಾಳೆ ತಿರುವಿದರು.

"ಚಂದ್ರಕಲಾ ಎಂ. ಮದುವೆ ಕಾರಣ ಹಿಂದೆ ಸರಿದಿದ್ದಾರೆ ಅಂತ ಇದೆಯಲ್ಲ? ಕ್ಯಾಂಪಿಗೆ ಕರೆದಾಗ ಬರಲ್ಲ, ಈಗ ಬರ್ತೀರಾ. ನಿಮ್ಮಂಥೋರನ್ನ ನಂಬೋದು ಹೇಗಮ್ಮ?"

"ಅದು ಸುಳ್ಳು ಸಾರ್. ಮೂರು ಅರ್ಜಿ ಕಳಿಸಿದ್ದೀನಿ. ಅಳಿಸಿ."

"ಅದೆಲ್ಲ ಆಮೇಲೆ ನೋಡೋಣ. ಇಲ್ಲಿ ಬರೆದಿರೋದು ಇರಲಿ ಬಿಡು. ಹೋಗಿ ನಿಂತ್ಕೋ. ಮುಂದಿನೋರು ಬನ್ನಿ."

ಹಿಂದೆ ಉದ್ದ ಸಾಲು. ಬಿಸಿಲು. ಹೋಗಿ ನಿಂತುಕೊಳ್ಳಬಹುದಿತ್ತು. ಒಳಗೆ ಬಿಟ್ಟರಲ್ಲ, ಸಾಕು ಅನ್ನಬಹುದಿತ್ತು. ನಾನು ಮೇಜಿನ ಮುಂದಿನಿಂದ ಕದಲಲಿಲ್ಲ.

"ಅಳಿಸಿ ಸಾರ್."

"ದಾರಿ ಬಿಡಮ್ಮ, ಟೈಮಾಯ್ತು."

"ಅಳಿಸೋವರೆಗೂ ಬಿಡಲ್ಲ. ಪೊಲೀಸ್‌ನೋರನ್ನ ಕರೆಸಿ. ಇಲ್ಲೇ ಇರ್ತೀನಿ."

ಹಿಂದಿನ ಸಾಲಿನಿಂದ ಯಾರೋ ಮುಂದೆ ಬಂದರು. ತಿರುಗಿ ನೋಡಲಿಲ್ಲ. ದನಿ ಕೇಳಿತು.

"ಸಾರ್, ಅವಳು ಹೇಳ್ತಿರೋದು ನಿಜ. ಆ ಕಾಗದ ಬರೆದಿದ್ದು ನಮ್ಮಪ್ಪ. ನಾನು ಮೃದುಲಾ. ಬೇಕಾದ್ರೆ ಬರೆದುಕೊಡ್ತೀನಿ."

ನನಗೆ ಅವಳ ಮೇಲೆ ಪ್ರೀತಿ ಉಕ್ಕಲಿಲ್ಲ. ಈ ಮಾತು ಹೇಳೋಕೆ ಒಂದು ವರ್ಷ ಬೇಕಾಯಿತಲ್ಲ ಅನ್ನಿಸಿತು. ಅವಳು ಹೇಳಿದ ಮೇಲೆ ಕನ್ನಡಕದವರು ತಕ್ಷಣ ಪೆನ್ನು ತೆಗೆದರು. ನಾನು ಹೇಳಿದಾಗ ತೆಗೆದಿರಲಿಲ್ಲ. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಅವಳು ಅಲ್ಲೇ ಬಗ್ಗಿ ನಾಲ್ಕು ಸಾಲು ಬರೆದು ಸೈನ್ ಹಾಕಿದಳು. ಅವರು ಹಳೇ ಸಾಲಿನ ಮೇಲೆ ಗೀಟು ಎಳೆದರು.

"ಈ ಕಡೆ ತಿರುಗಿಸಿ ಸಾರ್. ಓದಬೇಕು," ಅಂದೆ.

ತಿರುಗಿಸಿದರು. ಓದಿದೆ. ಅಕ್ಷರ ಅಕ್ಷರ ಓದಿ, ಹೊಡೆದುಹಾಕಿದ್ದು ಸರಿಯಾಗಿದೆ ಅಂತ ಗೊತ್ತಾದ ಮೇಲೆ ಪಕ್ಕಕ್ಕೆ ಬಂದೆ.

ಕೀಪರ್‌ಗಳನ್ನ ಕರೆದಾಗ ಮೃದುಲಾ ನನಗಿಂತ ಮೊದಲು ಹೋಗಿ ಗೋಲಿನ ನಡುವೆ ನಿಂತಿದ್ದಳು. ಅಭ್ಯಾಸ. ನಾನು ಹೋದೆ. ಮುಖಕ್ಕೆ ಮುಖ ಕೊಟ್ಟು ನಿಂತೆ.

"ಜರುಗೇ," ಅಂದೆ. "ಮೊದಲು ನಾನು."

ಜರುಗಿದಳು.